ಡಿಜಿಟಲ್ ಸಿಂತ್‌ನ ದನಿ ಮೆಟ್ಟಿಲು ಮೆಟ್ಟಿಲಾಗಿರುತ್ತಾ?

ಪ್ರಶ್ನೆ: ಮೊದಲ ಸಿಂಥಸೈಜರ್ ತಗೋಬೇಕು ಅಂತಿದ್ದೀನಿ. ಹಳೇ ಅನಲಾಗ್ ತಗೊಳ್ಳಲಾ, ಹೊಸ ಡಿಜಿಟಲ್ ತಗೊಳ್ಳಲಾ? ಡಿಜಿಟಲ್‌ನಲ್ಲಿ ದನಿ ಮೆಟ್ಟಿಲು ಮೆಟ್ಟಿಲಾಗಿ ಬರುತ್ತೆ, ಅದಕ್ಕೇ ಅದು ಬೆಚ್ಚಗೆ ಕೇಳಲ್ಲ ಅಂತಾರೆ. ನಿಜವಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವೇ ತಪ್ಪಿದೆ. ಕೇಳುವವರು ಬೇರೆ ಬೇರೆ, ಮಾತು ಮಾತ್ರ ಅದೇ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮೊದಲ ಸಿಂತ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ) ಆದರೆ ಹೊಸದನ್ನೇ ತಗೊಳ್ಳಿ. ಅದು ಅನಲಾಗೋ (ದನಿ ನೇರವಾಗಿ ವಿದ್ಯುತ್ ಅಲೆಯಾಗಿ ಹುಟ್ಟುವುದು) ಡಿಜಿಟಲ್ಲೋ (ದನಿ ಅಂಕಿಗಳಾಗಿ ಹುಟ್ಟುವುದು) ಅನ್ನುವುದಕ್ಕಿಂತ ಮುಂಭಾಗದಲ್ಲಿ ಎಷ್ಟು ನಾಬ್ (ತಿರುಗಿಸುವ ಗುಂಡಿ) ಇವೆ ನೋಡಿ. ಒಂದು ಕೆಲಸಕ್ಕೆ ಒಂದು ನಾಬ್ ಇದ್ದರೆ ಕೈ ತಾನಾಗಿ ಕಲಿಯುತ್ತದೆ. ಎಲ್ಲವೂ ಮೆನುವಿನೊಳಗೆ ಅಡಗಿದ್ದರೆ ಎಷ್ಟೇ ಒಳ್ಳೆಯ ಯಂತ್ರವಾದರೂ ಬೇಗ ಮೂಲೆ ಸೇರುತ್ತದೆ.

ನೀವು ಕೇಳಿದ್ದಕ್ಕೆ ಇಷ್ಟು ಸಾಕು. ಆದರೆ ಆ ಮೆಟ್ಟಿಲಿನ ಮಾತನ್ನು ನಾನು ಸುಮ್ನೆ ಬಿಡುವ ಹಾಗಿಲ್ಲ.

ಈ ನಂಬಿಕೆ ಹುಟ್ಟಿದ್ದು ಕಿವಿಯಿಂದಲ್ಲ, ಚಿತ್ರದಿಂದ. ಡಿಜಿಟಲ್ ದನಿ ಅಂದ ಕೂಡಲೇ ನುಣುಪಾದ ಒಂದು ಅಲೆ, ಅದರ ಮೇಲೆ ಚೌಕ ಚೌಕವಾಗಿ ಕತ್ತರಿಸಿದ ಇನ್ನೊಂದು ಗೆರೆ, ಹೀಗೊಂದು ಚಿತ್ರ ಬರೆದು ತೋರಿಸುತ್ತಾರೆ. ನೋಡಿದವರಿಗೆ ಅದು ಜನ್ಮಪೂರ್ತಿ ಮರೆಯಲ್ಲ. ಸಾಫ್ಟ್‌ವೇರ್‌ನಲ್ಲಿ ಅಲೆಯನ್ನು ಹಿಗ್ಗಿಸಿ ನೋಡಿದಾಗಲೂ ಕೆಲವೊಮ್ಮೆ ಹಾಗೇ ಕಾಣುತ್ತದೆ. ಅದು ಸಾಫ್ಟ್‌ವೇರ್ ಗೆರೆ ಎಳೆಯುವ ರೀತಿ ಅಷ್ಟೇ. ಸ್ಪೀಕರಿಗೆ ಹೋಗುವುದು ಆ ಗೆರೆಯಲ್ಲ.

ಡಿಜಿಟಲ್ ದನಿಯಲ್ಲಿ ಇರುವುದು ಚುಕ್ಕೆಗಳು. ಸಿಡಿಯ ಲೆಕ್ಕ ಹಿಡಿದರೆ ಒಂದು ಸೆಕೆಂಡಿಗೆ 44,100 ಚುಕ್ಕೆ. ಈ ಕ್ಷಣದಲ್ಲಿ ಅಲೆ ಇಷ್ಟು ಎತ್ತರದಲ್ಲಿತ್ತು ಅಂತ ಪ್ರತಿ ಚುಕ್ಕೆಯೂ ಹೇಳುತ್ತದೆ. ಮುಂದಿನ ಚುಕ್ಕೆ ಬರುವವರೆಗೂ ಅಲೆ ಅದೇ ಎತ್ತರದಲ್ಲಿ ನಿಂತಿತ್ತು ಅಂತ ಯಾವ ಚುಕ್ಕೆಯೂ ಹೇಳಿಲ್ಲ. ಚಿತ್ರ ಬರೆದವರು ಅದನ್ನು ಸೇರಿಸಿಕೊಂಡರು.

ಅಂಕಿಯನ್ನು ವಿದ್ಯುತ್ತಾಗಿ ಬದಲಿಸುವ ಚಿಪ್‌ನೊಳಗೆ ಒಂದು ಹಂತದಲ್ಲಿ ಮೆಟ್ಟಿಲು ಇರಬಹುದು, ಒಪ್ಪುತ್ತೇನೆ. ಆದರೆ ಮೆಟ್ಟಿಲಿನ ಅಂಚು ಅಂದರೇನು? ಥಟ್ಟನೆ ಆಗುವ ಬದಲಾವಣೆ. ಥಟ್ಟನೆ ಬದಲಾಗಬೇಕಾದರೆ ಅದರಲ್ಲಿ ತುಂಬಾ ವೇಗದ ಕಂಪನಗಳು ಇರಲೇಬೇಕು. 1,000 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 1,000 ಸಲ ಕಂಪಿಸುವ, ಶುದ್ಧ ದನಿಯನ್ನು ಮೆಟ್ಟಿಲಾಗಿ ಮಾಡಿದರೆ ಏನಾಗುತ್ತದೆ ನೋಡಿ. ಆ 1,000 ಹರ್ಟ್ಸ್ ಹಾಗೇ ಉಳಿದಿರುತ್ತದೆ. ಅದರ ಜೊತೆ 43,100 ಹರ್ಟ್ಸ್, 45,100 ಹರ್ಟ್ಸ್, ಅದರಾಚೆ ಇನ್ನೂ ಮೇಲಿನವು ಸೇರಿಕೊಂಡಿರುತ್ತವೆ. ಮೆಟ್ಟಿಲಿಗೆ ಅಂಚು ಬಂದದ್ದೇ ಈ ಮೇಲಿನವುಗಳಿಂದ. ಒಳ್ಳೆಯ ಕಿವಿಗೂ 20,000 ಹರ್ಟ್ಸ್ ದಾಟಿದರೆ ಏನೂ ಕೇಳಲ್ಲ. ಆದರೂ ಹೊರದಾರಿಯಲ್ಲಿ ಒಂದು ಫಿಲ್ಟರ್ ಇಟ್ಟು ಆ ವೇಗದ ಕಂಪನಗಳನ್ನು ತೆಗೆದುಬಿಡುತ್ತಾರೆ. ಅವು ಹೋದ ಮೇಲೆ ಅಂಚು ಎಲ್ಲಿರುತ್ತದೆ? ಇರುವುದಿಲ್ಲ. ಉಳಿಯುವುದು ನುಣುಪಾದ ಅದೇ ಅಲೆ.

"ಎರಡು ಚುಕ್ಕೆಗಳ ನಡುವೆ ಅಲೆ ಬೇರೆ ಏನೋ ಮಾಡಿದ್ದರೆ ಅದು ಕಳೆದುಹೋಗಲ್ವಾ?" ಇದು ಮುಂದಿನ ಪ್ರಶ್ನೆ ಅಂತ ಗೊತ್ತು. ಹಾಗೆ ಕುಣಿಯಬೇಕಾದರೆ ಆ ಅಲೆಯಲ್ಲಿ 22,050 ಹರ್ಟ್ಸ್‌ಗಿಂತ ಮೇಲಿನ ಕಂಪನ ಇರಬೇಕು. ಅದು ಹೇಗೂ ನಿಮ್ಮ ಕಿವಿಗೆ ಬೀಳುವುದಲ್ಲ. ಅದಕ್ಕಿಂತ ಕೆಳಗಿನದ್ದಷ್ಟೇ ಇದ್ದರೆ ಆ ಚುಕ್ಕೆಗಳ ಮೂಲಕ ಹಾದುಹೋಗುವ ಅಲೆ ಒಂದೇ ಒಂದು, ಎರಡನೆಯದು ಸಾಧ್ಯವೇ ಇಲ್ಲ. ರಷ್ಯಾದ ಎಂಜಿನಿಯರ್ ಕೊಟೆಲ್ನಿಕೊವ್ 1933ರಲ್ಲಿ, ಅಮೆರಿಕದ ಗಣಿತಜ್ಞ ಶ್ಯಾನನ್ 1949ರಲ್ಲಿ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದ್ದಾರೆ.

ಕಲಿಯಲು ಬರುವವರಿಗೆ ನಾನು ಇದನ್ನು ಬಾಯಲ್ಲಿ ಹೇಳುವುದು ಬಿಟ್ಟು ಬಹಳ ದಿನವಾಯಿತು. ಪುಟ್ಟ ಡಿಜಿಟಲ್ ಸಿಂತ್ ಒಂದರ ಹೊರದಾರಿಗೆ ಆಸಿಲೋಸ್ಕೋಪ್ (ವಿದ್ಯುತ್ ಅಲೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರ) ಸಿಕ್ಕಿಸಿ, ಸೈನ್ ಅಲೆ ನುಡಿಸಿ, "ಮೆಟ್ಟಿಲು ಹುಡುಕಿ" ಅಂತ ಹೇಳಿ ಪಕ್ಕಕ್ಕೆ ನಿಲ್ಲುತ್ತೇನೆ. ಒಬ್ಬ ಹುಡುಗ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದ. ಹಿಗ್ಗಿಸಿದ, ಇನ್ನೂ ಹಿಗ್ಗಿಸಿದ. ಹಸಿರು ಗೆರೆ ಸ್ವಲ್ಪ ದಪ್ಪವಾಯಿತು, ಬಾಗು ಹಾಗೇ ಇತ್ತು. "ಸರ್, ಇದು ಅನಲಾಗಾ?" ಅಂತ ಕೇಳಿದ. ಅವನಿಗೆ ಇನ್ನೇನೂ ವಿವರಿಸಬೇಕಾಗಿ ಬರಲಿಲ್ಲ.

ಈಗ ಇನ್ನೊಂದು ಬದಿಯಿಂದ ನೋಡೋಣ. ಬೆಚ್ಚಗಿನ ದನಿಗೆ ಹೆಸರಾದ ಹಳೇ ಯಂತ್ರಗಳ ಒಳಗೆ ಏನಿದೆ? 1978ರ ಪ್ರಾಫೆಟ್-5 ತಗೊಳ್ಳಿ. ದನಿ ಹುಟ್ಟುವುದು ಪೂರ್ತಿ ಅನಲಾಗ್ ಸರ್ಕ್ಯೂಟಿನಲ್ಲೇ. ಆದರೆ ನಾಬ್‌ಗಳನ್ನು ಓದುವುದು ಒಂದು ಮೈಕ್ರೊಪ್ರೊಸೆಸರ್. ನೀವು ತಿರುಗಿಸಿದ್ದು ಅಂಕಿಯಾಗಿ, ಮತ್ತೆ ವೋಲ್ಟೇಜ್ ಆಗಿ ದನಿಯ ಕಡೆಗೆ ಹೋಗುತ್ತದೆ. ನಿಮ್ಮ ದನಿಯನ್ನು ನೆನಪಿಟ್ಟುಕೊಳ್ಳುವ ಗುಣ ಅದಕ್ಕೆ ಬಂದದ್ದೇ ಹಾಗೆ. 1982ರ ಜೂನೊ-60ರಲ್ಲಿ ಆಸಿಲೇಟರಿನ, ಅಂದರೆ ಅಲೆ ಹುಟ್ಟಿಸುವ ಭಾಗದ, ಶ್ರುತಿಯನ್ನು ಹಿಡಿದಿಡುವುದು ಡಿಜಿಟಲ್ ಗಡಿಯಾರ. ಇನ್ನು ಜೂನೊ ಅಂದರೆ ಎಲ್ಲರೂ ಕರಗುವುದು ಅದರ ಕೋರಸ್‌ಗೆ, ಅಂದರೆ ಒಂದೇ ದನಿ ಹಲವಾಗಿ ಕೇಳುವಂತೆ ಮಾಡುವ ಗುಣಕ್ಕೆ. ಆ ಕೋರಸ್ ಚಿಪ್ ದನಿಯನ್ನು ಕಾಲದಲ್ಲಿ ತುಂಡು ತುಂಡು ಮಾಡಿ, ಸಾಲಾಗಿ ನಿಂತವರು ಬಕೆಟ್ಟಿನಲ್ಲಿ ನೀರು ದಾಟಿಸುವ ಹಾಗೆ ಒಂದು ಕೆಪಾಸಿಟರಿನಿಂದ ಮುಂದಿನದಕ್ಕೆ ದಾಟಿಸುತ್ತದೆ. ತುಂಡು ಮಾಡಿದ ಮಾತ್ರಕ್ಕೆ ದನಿ ಒರಟಾಗುವುದಾದರೆ ಜೂನೊ ಎಲ್ಲಕ್ಕಿಂತ ಒರಟಾಗಿ ಕೇಳಬೇಕಿತ್ತು, ಅಲ್ವಾ?

ಹಾಗಂತ ಈ ಮೆಟ್ಟಿಲಿನ ಮಾತಿಗೆ ಬುಡವೇ ಇಲ್ಲ ಅಂತಲ್ಲ. ಮೆಟ್ಟಿಲು ನಿಜಕ್ಕೂ ಕೇಳುವ ಜಾಗ ಒಂದಿದೆ. ಅದು ದನಿಯಲ್ಲಲ್ಲ, ನಾಬ್‌ನಲ್ಲಿ. 1983ರಲ್ಲಿ ಬಂದ, ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸುವ ಮಿಡಿ ಪದ್ಧತಿಯಲ್ಲಿ ಸಾಮಾನ್ಯ ನಾಬ್ ಸಂದೇಶಕ್ಕೆ 0ಯಿಂದ 127ರವರೆಗೆ, ಅಂದರೆ ಬರೀ 128 ಹಂತ. ದನಿಯ ಮೇಲ್ಭಾಗವನ್ನು ಕತ್ತರಿಸುವ ಸಿಂತ್‌ನ ಫಿಲ್ಟರನ್ನು ನಿಧಾನವಾಗಿ ತೆರೆಯುತ್ತಾ ಹೋದರೆ, ಯಂತ್ರ ಆ ಹಂತಗಳ ನಡುವೆ ತಾನೇ ನಯ ಮಾಡದಿದ್ದಲ್ಲಿ, ಜಿಪ್ ಎಳೆದ ಹಾಗೆ ಜರ್ರ್ ಅಂತ ಕೇಳುತ್ತದೆ. ಇದನ್ನು ಕೇಳಿದವರು ಇಡೀ ಡಿಜಿಟಲ್ ದನಿಯೇ ಹೀಗೆ ಅಂದುಕೊಂಡಿದ್ದರೆ ನನಗೆ ಅರ್ಥವಾಗುತ್ತದೆ.

ಡಿಜಿಟಲ್‌ನ ನಿಜವಾದ ಕಾಯಿಲೆ ಇನ್ನೊಂದಿದೆ, ಅದಕ್ಕೆ ಏಲಿಯಾಸಿಂಗ್ ಅಂತ ಹೆಸರು. ಗರಗಸದ ಹಲ್ಲಿನ ಆಕಾರದ ಅಲೆಯಲ್ಲಿ ಮೂಲ ಸ್ವರದ ಎರಡರಷ್ಟು, ಮೂರರಷ್ಟು ಅಂತ ಕೊನೆಯಿಲ್ಲದೆ ಮೇಲ್ದನಿಗಳು ಇರುತ್ತವೆ. 3,000 ಹರ್ಟ್ಸ್‌ನ ಸ್ವರಕ್ಕೆ ಹತ್ತನೆಯದು 30,000. ಪ್ರೋಗ್ರಾಂ ಬರೆದವರು ಅದನ್ನು ತಡೆಯದಿದ್ದರೆ, ಸೆಕೆಂಡಿಗೆ 44,100ರ ಲೆಕ್ಕದಲ್ಲಿ ಅದು ಮಡಚಿಕೊಂಡು 14,100 ಹರ್ಟ್ಸ್ ಆಗಿ ಕೆಳಗೆ ಬೀಳುತ್ತದೆ. 14,100ಕ್ಕೂ 3,000ಕ್ಕೂ ಶ್ರುತಿ ಸೇರಲ್ಲ. ಅದಕ್ಕೇ ಸರಿಯಾಗಿ ಮಾಡದ ಡಿಜಿಟಲ್ ಸಿಂತ್‌ನಲ್ಲಿ ಮೇಲಿನ ಸ್ವರಗಳಿಗೆ ಹೋದಂತೆ ತಗಡಿನಂಥ ಕಿರಿಕಿರಿ. ಇಂದಿನ ಒಳ್ಳೆಯ ಯಂತ್ರಗಳು ಇದನ್ನು ಚೆನ್ನಾಗಿ ತಡೆಯುತ್ತವೆ. ಮೇಲಿನ ಸ್ವರಗಳನ್ನು ಒಂದೊಂದಾಗಿ ನುಡಿಸಿ ಕೇಳಿ, ಐದು ನಿಮಿಷದಲ್ಲಿ ನಿಮಗೇ ಗೊತ್ತಾಗುತ್ತದೆ.

ಹಾಗಾದರೆ ಆ ಬಿಸುಪು ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಶ್ರುತಿ ಅಲುಗುವುದರಿಂದ. ಹಳೇ ಅನಲಾಗ್ ಸಿಂತ್‌ಗಳಲ್ಲಿ ಶ್ರುತಿ ನಿರ್ಧರಿಸುವುದು ವೋಲ್ಟೇಜ್. ಸಾಮಾನ್ಯವಾಗಿ ಒಂದು ಆಕ್ಟೇವ್‌ಗೆ, ಅಂದರೆ ಸಾ ಇಂದ ಮೇಲಿನ ಸಾ ವರೆಗೆ, ಒಂದು ವೋಲ್ಟ್. ಅದನ್ನು ಹನ್ನೆರಡು ಕೀಗಳು ಹಂಚಿಕೊಂಡರೆ ಪಕ್ಕದ ಕೀಗೆ ಇರುವ ಅಂತರ ಸುಮಾರು 83 ಮಿಲಿವೋಲ್ಟ್ ಮಾತ್ರ. ಕೋಣೆ ಸ್ವಲ್ಪ ಬಿಸಿಯಾಗಿ ಒಂದು ಆಸಿಲೇಟರ್ 5 ಮಿಲಿವೋಲ್ಟ್ ಆಚೆಗೆ ಸರಿದರೆ, 440 ಹರ್ಟ್ಸ್ ಇರಬೇಕಾದ್ದು 441.5 ಆಗುತ್ತದೆ. ಸರಿಯದೆ ಉಳಿದ ಇನ್ನೊಂದರ ಜೊತೆ ಅದನ್ನು ನುಡಿಸಿ. ಎರಡು ಸೆಕೆಂಡಿಗೆ ಮೂರು ಸಲ ದನಿ ಉಬ್ಬಿ ಇಳಿಯುತ್ತದೆ. 1970ರ ಮಿನಿಮೂಗ್‌ನಲ್ಲಿ ಇಂಥ ಆಸಿಲೇಟರ್ ಮೂರು. ಹತ್ತು ಜನ ಕೂತು ಒಂದೇ ಸ್ವರ ಹಾಡಿದಾಗ ಕೇಳುವ ತುಂಬುತನ ಇದೇ. ಇದರ ಜೊತೆಗೆ ಫಿಲ್ಟರಿಗೆ ದನಿ ಜೋರಾಗಿ ನುಗ್ಗಿದಾಗ ಅಲೆಯ ತುದಿ ಮೆತ್ತಗೆ ಚಪ್ಪಟೆಯಾಗುತ್ತದಲ್ಲ, ಅದೂ ಸೇರಿ ನಾವು "ಬೆಚ್ಚಗಿದೆ" ಅನ್ನುತ್ತೇವೆ.

ಇವೆರಡನ್ನೂ ಡಿಜಿಟಲ್‌ನಲ್ಲಿ ಮಾಡಬಹುದು, ಮಾಡಿದ್ದಾರೆ ಕೂಡ. ನನಗೆ ತುಂಬಾ ಇಷ್ಟವಾದ ಸಾಕ್ಷಿ ಅನಲಾಗ್ ಕಡೆಯಿಂದಲೇ ಬಂದಿದೆ. 2020ರಲ್ಲಿ ಪ್ರಾಫೆಟ್-5 ಹೊಸದಾಗಿ ಬಂದಾಗ ಅದರ ಮೇಲೆ "ವಿಂಟೇಜ್" ಅಂತಲೇ ಒಂದು ನಾಬ್ ಇಟ್ಟರು. ತಿರುಗಿಸಿದಷ್ಟೂ ಅದು ಒಟ್ಟಿಗೆ ನುಡಿಸಬಲ್ಲ ಐದು ದನಿಗಳು ಒಂದರಿಂದ ಒಂದು ಸ್ವಲ್ಪ ಸ್ವಲ್ಪ ಬೇರೆಯಾಗುತ್ತಾ ಹೋಗುತ್ತವೆ. ಹಳೆಯ ಕಾಲದ ಬಿಸುಪು ಎಷ್ಟು ಬೇಕೋ ಅಷ್ಟು, ಒಂದು ನಾಬ್‌ನಲ್ಲಿ.

1983ರ ಡಿಜಿಟಲ್ ಸಿಂತ್ ಡಿಎಕ್ಸ್7 ಬಗ್ಗೆಯೂ ಒಂದು ಮಾತು. "ತಣ್ಣಗಿನ ಡಿಜಿಟಲ್" ಅಂತ ಎಲ್ಲರೂ ಬೆರಳು ತೋರಿಸುವುದು ಅದರ ಕಡೆಗೇ. ಅದರಲ್ಲಿ ಒಂದು ದನಿಗೆ ಆರು ಆಪರೇಟರ್ (ಅಲೆ ಹುಟ್ಟಿಸುವ ಘಟಕ), ಅವನ್ನು ಜೋಡಿಸಲು 32 ರೀತಿ. ಅಷ್ಟನ್ನೂ ತಿದ್ದಲು ಒಂದು ಸ್ಲೈಡರ್, ಒಂದಷ್ಟು ಚಪ್ಪಟೆ ಗುಂಡಿ. ಬಹಳ ಜನ ಕಾರ್ಖಾನೆಯಿಂದ ಬಂದ ದನಿಗಳನ್ನೇ ನುಡಿಸಿದರು. ಯಂತ್ರದ ಹತ್ತಿರ ಬಿಸುಪು ಇಲ್ಲದ್ದಲ್ಲ, ಕೈ ಹಾಕಲು ಜಾಗ ಇರಲಿಲ್ಲ. ನಾಬ್ ನೋಡಿ ತಗೊಳ್ಳಿ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಇಷ್ಟಾದ ಮೇಲೂ ಹಳೇದೇ ಬೇಕು ಅಂದರೆ ದನಿಗಿಂತ ಮೊದಲು ಬ್ಯಾಟರಿ ವಿಚಾರಿಸಿ. ನೆನಪು ಉಳಿಸಿಕೊಳ್ಳುವ ಹಳೇ ಸಿಂತ್‌ಗಳ ಒಳಗೆ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಡಿಎಕ್ಸ್7ನಂಥವುಗಳಲ್ಲಿ ಅದು ಲಿಥಿಯಂ. ಅದು ಸತ್ತರೆ ಕೂಡಿಟ್ಟ ದನಿಗಳು ಹೋಗುತ್ತವೆ, ಒಳಗಿನ ಸರ್ಕ್ಯೂಟ್ ಹಲಗೆ ಸಾಮಾನ್ಯವಾಗಿ ಉಳಿಯುತ್ತದೆ. ಬದಲಿಸುವ ಮೊದಲು ದನಿಗಳನ್ನೆಲ್ಲ ಮಿಡಿ ಮೂಲಕ ಕಂಪ್ಯೂಟರಿಗೆ ಇಳಿಸಿಕೊಂಡರೆ ಆಯಿತು.

ಭಯಪಡಬೇಕಾದ್ದು ಎಂಬತ್ತರ ದಶಕದ ಆರಂಭದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗೆ. 1981ರ ಪಾಲಿಸಿಕ್ಸ್ ಸಿಂತ್ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ವರ್ಷಗಳು ಕಳೆದಂತೆ ಅದು ಒಸರುತ್ತದೆ. ಒಸರಿದ ಕ್ಷಾರ ಹಲಗೆಯ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ಮೊದಮೊದಲು ಯಂತ್ರ ಚೆನ್ನಾಗಿಯೇ ನುಡಿಯುತ್ತದೆ. ಆಮೇಲೆ ಒಂದು ದಿನ ಒಂದು ಕೀ, ಇನ್ನೊಂದು ದಿನ ಒಂದು ಗುಂಡಿ ಕೈಕೊಡುತ್ತದೆ.

ಹಾಗಾಗಿ ಹಳೇ ಸಿಂತ್ ನೋಡಲು ಹೋದಾಗ ನುಡಿಸಿ ಖುಷಿಪಟ್ಟು ಅಲ್ಲೇ ಒಪ್ಪಿಕೊಳ್ಳಬೇಡಿ. ಪ್ಲಗ್ ತೆಗೆಸಿ, ಮುಚ್ಚಳ ಬಿಚ್ಚಿ ತೋರಿಸಿ ಅಂತ ಕೇಳಿ. ಬ್ಯಾಟರಿಯ ಸುತ್ತ ಬಿಳಿ ಪುಡಿಯೋ ಹಸಿರು ಕಲೆಯೋ ಕಂಡರೆ, ಅದು ಹಲಗೆಯ ಮೇಲೆ ಎಲ್ಲಿಯವರೆಗೆ ಹರಿದಿದೆ ಅಂತ ಟಾರ್ಚ್ ಹಾಕಿ ನೋಡಿ. ಬ್ಯಾಟರಿ ಬದಲಿಸಿದ್ದೇವೆ ಅಂದರೆ ಯಾವಾಗ ಅಂತ ಕೇಳಿ, ಕೆಳಗಿನ ಹಲಗೆಯನ್ನು ತೊಳೆದು ಗೆರೆಗಳನ್ನು ಸರಿಮಾಡಿದ್ದಾರಾ ಅಂತಲೂ ಕೇಳಿ. ಮುಚ್ಚಳ ಬಿಚ್ಚಲು ಒಪ್ಪದಿದ್ದರೆ ಕೈಮುಗಿದು ಹೊರಟುಬನ್ನಿ.