ಪೊಟರೆ, ಬಿದಿರ ಬೊಡ್ಡೆ ಮತ್ತು ತೋಟದಂಚಿನ ಸೊಳ್ಳೆ

ಕೊಡಗಿನಲ್ಲಿ ಡೆಂಗಿಯ ಮಾತು ಬಂತೆಂದರೆ ಎಲ್ಲರ ಕಣ್ಣು ಹೋಗುವುದು ಡ್ರಮ್ಮು, ಹಳೇ ಟೈರು, ಹೂಕುಂಡದ ತಟ್ಟೆಗಳ ಕಡೆಗೆ. ಹೋಗಲೇಬೇಕು. ಆದರೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದಂಥ ಊರುಗಳಲ್ಲಿ ಎಷ್ಟೋ ಮನೆಗಳ ಹಿತ್ತಿಲ ಬೇಲಿ ದಾಟಿದರೆ ಕಾಫಿ ತೋಟ, ತೋಟ ದಾಟಿದರೆ ದೇವರಕಾಡು ಇಲ್ಲವೇ ಮೀಸಲು ಅರಣ್ಯ. ಅಲ್ಲಿ ಮಳೆನೀರು ನಿಲ್ಲಲು ಡ್ರಮ್ಮು ಬೇಕಿಲ್ಲ. ಮರದ ಪೊಟರೆ, ಕಡಿದ ಬಿದಿರಿನ ಬೊಡ್ಡೆ, ಕೆಸದ ದಂಟಿನ ಸಂದಿ, ಅನಾನಸಿನ ಎಲೆಗಳ ಬುಡ, ಕೆಳಗೆ ಬಿದ್ದ ಅಡಿಕೆ ಹಾಳೆ ಎಲ್ಲವೂ ನೀರು ಹಿಡಿಯುತ್ತವೆ. ಸೊಳ್ಳೆಗೆ ಇದೇನೂ ಹೊಸ ಜಾಗವಲ್ಲ. ಮನುಷ್ಯ ಮಡಕೆ ಮಾಡಲು ಕಲಿಯುವ ಎಷ್ಟೋ ಮುಂಚಿನಿಂದ ಅದು ಇಂಥ ಕಡೆ ಮೊಟ್ಟೆಯಿಡುತ್ತ ಬಂದಿದೆ. ಇಂದು ಪಟ್ಟಣದ ಸೊಳ್ಳೆ ಎಂದೇ ಹೆಸರಾಗಿರುವ ಈಡಿಸ್ ಈಜಿಪ್ಟೈ ಕೂಡ ಆಫ್ರಿಕಾದ ಕಾಡುಗಳ ಪೊಟರೆ ನೀರಿನಲ್ಲಿ ಬೆಳೆಯುತ್ತಿದ್ದ ಸೊಳ್ಳೆಯ ವಂಶದ್ದೇ.

ತೋಟದಲ್ಲಿ ಹಗಲು ಹೊತ್ತಿನಲ್ಲೇ ಕಾಲಿಗೆ ಮುತ್ತುವ ಪಟ್ಟೆ ಪಟ್ಟೆಯ ಸೊಳ್ಳೆಯನ್ನು ಕಾಫಿ ಕೊಯ್ಯಲು ಹೋದವರೆಲ್ಲ ಬಲ್ಲರು. ಬೆನ್ನಿನ ನಡುವೆ ಒಂದೇ ಒಂದು ಬಿಳಿ ಗೆರೆ ಇದ್ದರೆ ಅದು ಈಡಿಸ್ ಆಲ್ಬೊಪಿಕ್ಟಸ್, ಅಂದರೆ ಏಷ್ಯಾದ ಹುಲಿಸೊಳ್ಳೆ. ಈಜಿಪ್ಟೈ ಮನೆಯೊಳಗೆ ಬಟ್ಟೆಯ ಹಿಂದೆ, ಮಂಚದ ಕೆಳಗೆ ಅಡಗುತ್ತದೆ. ಆಲ್ಬೊಪಿಕ್ಟಸ್‌ಗೆ ಬೇಕಾದದ್ದು ಹೊರಗಿನ ನೆರಳು, ಹಸಿರು, ತಂಪು. ಚಳಿಯನ್ನೂ ಅದು ಹೆಚ್ಚು ತಾಳುತ್ತದೆ. ಡೆಂಗಿ, ಚಿಕೂನ್‌ಗುನ್ಯ ಎರಡನ್ನೂ ಹರಡಬಲ್ಲದು. 2007ರಲ್ಲಿ ಪಕ್ಕದ ಕೇರಳದಲ್ಲಿ ಚಿಕೂನ್‌ಗುನ್ಯ ಹಬ್ಬಿದಾಗ ಮುಖ್ಯವಾಗಿ ಹರಡಿದ್ದು ಇದೇ ಸೊಳ್ಳೆ. ಆ ಹೊತ್ತಿಗೆ ವೈರಸ್ಸಿನ ಹೊರಕವಚದ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ, ಹುಲಿಸೊಳ್ಳೆಯ ಮೈಯಲ್ಲಿ ಅದು ಸಲೀಸಾಗಿ ಬೆಳೆಯುವಂತಾಗಿತ್ತು. (ಮಂಗನ ಕಾಯಿಲೆಯನ್ನು ಇದರ ಜೊತೆ ಸೇರಿಸಿ ಮಾತಾಡುವವರಿದ್ದಾರೆ. ಅದು ಉಣ್ಣೆಯಿಂದ ಹರಡುವ ರೋಗ, ಸೊಳ್ಳೆಗೂ ಅದಕ್ಕೂ ಸಂಬಂಧವಿಲ್ಲ.)

ಈ ಸೊಳ್ಳೆಯ ನಿಜವಾದ ಬಲ ಇರುವುದು ಮೊಟ್ಟೆಯಲ್ಲಿ. ಹೆಣ್ಣು ಮೊಟ್ಟೆಯನ್ನು ನೀರಿನ ಮೇಲೆ ಬಿಡುವುದಿಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಪೊಟರೆಯ ಒದ್ದೆ ಗೋಡೆಗೆ ಒಂದೊಂದಾಗಿ ಅಂಟಿಸುತ್ತದೆ. ಪೊಟರೆ ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ಹಳೇ ಟೈರುಗಳಿಗೆ ಅಂಟಿಕೊಂಡೇ ಹಡಗು ಹತ್ತಿ ಇದು 1985ರ ಹೊತ್ತಿಗೆ ಅಮೆರಿಕದ ಟೆಕ್ಸಾಸ್‌ನಲ್ಲಿ ಬೇರೂರಿತು. ನಮ್ಮಲ್ಲಿ ಅಷ್ಟು ದೂರದ ಪ್ರಯಾಣ ಬೇಕಿಲ್ಲ, ಡಿಸೆಂಬರಿನಿಂದ ಹೂಮಳೆವರೆಗೆ ಕಾದರಾಯಿತು. ಬೆಳೆಗಾರರು ಆಕಾಶ ನೋಡುತ್ತ ಕಾಯುವ ಆ ಮಾರ್ಚ್ ತಿಂಗಳ ಮಳೆ ಕಾಫಿ ಮೊಗ್ಗನ್ನು ಅರಳಿಸುವಾಗಲೇ ಪೊಟರೆಯೊಳಗಿನ ಮೊಟ್ಟೆಗಳನ್ನೂ ಮುಳುಗಿಸುತ್ತದೆ. ಕೊಳೆತ ಎಲೆಯ ಮೇಲೆ ಬ್ಯಾಕ್ಟೀರಿಯಾ ಹೆಚ್ಚಿ ನೀರಿನ ಆಮ್ಲಜನಕ ಇಳಿಯುವುದೇ ಮೊಟ್ಟೆಗೆ ಒಡೆಯಲು ಸಿಗುವ ಸೂಚನೆ: ಒಳಗೆ ಊಟ ತಯಾರಿದೆ ಎಂದು. ಅದೂ ಎಲ್ಲ ಮೊಟ್ಟೆ ಒಂದೇ ಸಲ ಒಡೆಯುವುದಿಲ್ಲ. ಕೆಲವು ಎರಡನೇ ಮಳೆಗೆ, ಇನ್ನು ಕೆಲವು ಮೂರನೆಯದಕ್ಕೆ ಉಳಿಯುತ್ತವೆ. ಮೊದಲ ಮಳೆಯ ನಂತರ ಮತ್ತೆ ಬಿಸಿಲು ಹೊಡೆದು ನೀರೆಲ್ಲ ಆರಿದರೂ ಸಂತಾನ ನಾಶವಾಗದಿರಲು ಇದೇ ಕಾರಣ. ಜೂನ್, ಜುಲೈನ ಬಿಡದ ಮಳೆಯಲ್ಲಿ ಪೊಟರೆ ತುಂಬಿ ಹರಿದು ಎಷ್ಟೋ ಮರಿಹುಳುಗಳು ಕೊಚ್ಚಿಹೋಗುತ್ತವೆ. ಮಳೆ ಬಿಟ್ಟು ಬಿಟ್ಟು ಬರುವ ದಿನಗಳೇ ಸೊಳ್ಳೆಗೆ ಅನುಕೂಲ.

ಹಳೆಯ ಮರವೊಂದರ ಆಳದ ಪೊಟರೆಗೆ ಸಣ್ಣ ರಬ್ಬರ್ ಪೈಪು ಇಳಿಸಿ, ನೀರನ್ನು ಬಿಳಿ ತಟ್ಟೆಗೆ ಹರಿಸಿ ನೋಡಿ. ಎಲೆ, ತೊಗಟೆಯ ಒಗರು ಇಳಿದು ನೀರು ಕರಿಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟರೆ ಒಂದೊಂದೇ ಜೀವ ಕಾಣಿಸಿಕೊಳ್ಳುತ್ತದೆ. ಬಾಲದ ತುದಿಯ ಉಸಿರುಕೊಳವೆಯನ್ನು ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ನೇತಾಡುವವು ಈಡಿಸ್ ಮರಿಹುಳುಗಳು. ಎಲೆಯನ್ನು ಕೆರೆದು ಪುಡಿಮಾಡುವ ಜೀರುಂಡೆ ಮರಿಗಳೂ ಇರಬಹುದು. ಆ ಪುಡಿ, ಅದರ ಮೇಲಿನ ಬ್ಯಾಕ್ಟೀರಿಯಾ ಸೊಳ್ಳೆಮರಿಯ ಆಹಾರ. ಅದೃಷ್ಟವಿದ್ದರೆ ಕಂದುಗೆಂಪು ಬಣ್ಣದ, ಉಳಿದವಕ್ಕಿಂತ ಎಷ್ಟೋ ದಪ್ಪನೆಯ, ಒಂದೂವರೆ ಸೆಂಟಿಮೀಟರಿನಷ್ಟು ಉದ್ದದ ಒಂದು ಹುಳು ತಳದಲ್ಲಿ ಅಲುಗದೆ ಬಿದ್ದಿರುತ್ತದೆ. ಅದೂ ಸೊಳ್ಳೆಯ ಮರಿಯೇ, ಟಾಕ್ಸೊರಿಂಕೈಟಿಸ್ ಎಂಬ ಕುಲದ್ದು. ಹತ್ತಿರ ಬಂದ ಬೇರೆ ಸೊಳ್ಳೆಮರಿಯನ್ನು ಗಬಕ್ಕನೆ ಹಿಡಿದು ತಿನ್ನುತ್ತದೆ. ಕೋಶ ಕಟ್ಟುವ ಕಾಲ ಹತ್ತಿರವಾದಾಗ ತಿನ್ನದಿದ್ದರೂ ಸುಮ್ಮನೆ ಕೊಂದು ಹಾಕುತ್ತ ಹೋಗುತ್ತದೆ. ರೆಕ್ಕೆ ಬಂದ ಮೇಲೆ ಅದು ಯಾರ ರಕ್ತವನ್ನೂ ಹೀರುವುದಿಲ್ಲ, ಹೂವಿನ ಮಕರಂದವೇ ಸಾಕು. ಮಿರಮಿರ ಮಿಂಚುವ ಈ ದೊಡ್ಡ ಸೊಳ್ಳೆಯನ್ನು ಕಂಡು ಹೆದರಿ ಹೊಡೆದು ಸಾಯಿಸುವವರೇ ಹೆಚ್ಚು, ದಯವಿಟ್ಟು ಹಾಗೆ ಮಾಡಬೇಡಿ. ಪೊಟರೆಯ ಬಾಯಿಯ ಮುಂದೆ ಗಾಳಿಯಲ್ಲೇ ನಿಂತು ಮೊಟ್ಟೆಯನ್ನು ಒಳಕ್ಕೆ ಚಿಮ್ಮುವುದನ್ನು ನೋಡಲು ಸಿಕ್ಕರೆ ಅದೊಂದು ಭಾಗ್ಯ.

ಬೇಟೆಯಾಡುವ ಇಂಥ ಜೀವಿಗಳು ಬೆಳೆಯಲು ವಾರಗಟ್ಟಲೆ ಹಿಡಿಯುತ್ತದೆ, ಕೆಲವು ಏರೋಪ್ಲೇನ್ ಚಿಟ್ಟೆಗಳ ಮರಿಗಳಿಗೆ ತಿಂಗಳುಗಳೇ ಬೇಕು. ಹಾಗಾಗಿ ಅವು ನೆಲೆಸುವುದು ನೀರು ಬೇಗ ಆರದ ದೊಡ್ಡ, ಹಳೆಯ ಪೊಟರೆಗಳಲ್ಲಿ. ಹುಲಿಸೊಳ್ಳೆಗೆ ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆವರೆಗೆ ವಾರ, ಹತ್ತು ದಿನ ಸಾಕು. ಅಂಗೈಯಗಲದ, ಇವತ್ತು ತುಂಬಿ ಮುಂದಿನ ತಿಂಗಳು ಒಣಗುವ ಗುಂಡಿಯಲ್ಲಿ ಅದಕ್ಕೆ ಶತ್ರುಗಳೇ ಇರುವುದಿಲ್ಲ. ದೇವರಕಾಡಿನ ನಡುವಿನ ಪೊಟರೆಗಿಂತ ನನಗೆ ತೋಟದಂಚಿನ ಇಂಥ ಪುಟ್ಟ ಗುಂಡಿಗಳ ಚಿಂತೆಯೇ ಹೆಚ್ಚು. ಅವುಗಳಲ್ಲಿ ಬಹಳಷ್ಟು ನಮ್ಮ ಕತ್ತಿಯಿಂದ ಆದವು.

ಬಿದಿರನ್ನೇ ನೋಡಿ. ಎರಡು ಗಿಣ್ಣುಗಳ ನಡುವೆ ಎಲ್ಲೋ ಕಡಿದರೆ ಉಳಿದ ಬೊಡ್ಡೆ ಒಂದು ಲೋಟ, ತಳಕ್ಕೆ ಗಿಣ್ಣಿನ ಗಟ್ಟಿ ಪರದೆ. ಒಂದು ಮೆಳೆಯಲ್ಲಿ ಇಂಥವು ಎಷ್ಟೋ ಇರುತ್ತವೆ. ಗಿಣ್ಣಿಗೆ ತಾಗಿದಂತೆ ಅದರ ಮೇಲ್ಗಡೆಯೇ ಕಡಿದರೆ ನೀರು ನಿಲ್ಲಲು ಜಾಗವೇ ಇರದು. ನೀರು ನಿಂತು ಬುಡ ಕೊಳೆಯುವುದೂ ತಪ್ಪುವುದರಿಂದ ಮೆಳೆಗೂ ಒಳ್ಳೆಯದು. ಕಡಿಯದೆ ನಿಂತ ಬಿದಿರಿನಲ್ಲೂ ಹುಳು ಕೊರೆದ ತೂತಿನಿಂದ ನೀರು ಸೇರುತ್ತದೆ. ಆಗ್ನೇಯ ಏಷ್ಯಾದ ಬಿದಿರು ಕಾಡಿನ ಕೆಲವು ಆರ್ಮಿಜೆರಿಸ್ ಸೊಳ್ಳೆಗಳು ಮೊಟ್ಟೆಗಳನ್ನು ಹಿಂಗಾಲಿನ ಮೇಲೆ ಹೊತ್ತು ತಂದು, ಆ ಕಾಲನ್ನು ತೂತಿನೊಳಗೆ ಚಾಚಿ ನೀರಿಗೆ ಬಿಡುತ್ತವೆ. ಅವುಗಳ ಪಾಡಿಗೆ ಅವು ಇರಲಿ. ಮರಗಸಿಯ, ಅಂದರೆ ಕೊಂಬೆ ಕಡಿಯುವ ಕೆಲಸದ ಮಾತು ಬೇರೆ. ಪ್ರತಿ ವರ್ಷ ಮಳೆಗೆ ಮುಂಚೆ ನೆರಳಿನ ಮರದ ಕೊಂಬೆ ಇಳಿಸುವಾಗ ಮೊಳದುದ್ದ ಮೋಟು ಬಿಟ್ಟರೆ ಅದು ಸತ್ತು, ಕೊಳೆತು, ಒಳಗೆ ಇಳಿದು ಪೊಟರೆಯಾಗುತ್ತದೆ. ಕೊಂಬೆಯ ಬುಡದ ಉಬ್ಬು ಉಳಿಸಿ, ಅದರ ಹತ್ತಿರಕ್ಕೆ ನುಣ್ಣಗೆ ಕತ್ತರಿಸಿದರೆ ಮರ ತಾನೇ ಗಾಯ ಮುಚ್ಚಿಕೊಳ್ಳುತ್ತದೆ.

ಕೆಸದ ಗಿಡ ಕಂಡಲ್ಲೆಲ್ಲ ಕಿತ್ತುಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ದಂಟಿನ ಸಂದಿಯ ಚಮಚದಷ್ಟು ನೀರಿನಲ್ಲಿ ಹುಲಿಸೊಳ್ಳೆಯೂ ಹುಟ್ಟಬಹುದು, ಮಲಾಯಾ ಎಂಬ ಕುಲದ ಪುಟ್ಟ ಸೊಳ್ಳೆಯೂ ಹುಟ್ಟಬಹುದು. ಈ ಎರಡನೆಯದು ಮನುಷ್ಯರ ತಂಟೆಗೆ ಬರುವುದೇ ಇಲ್ಲ. ಮರದ ಕಾಂಡದ ಮೇಲೆ ಸಾಲಾಗಿ ಹೋಗುವ ಇರುವೆಯನ್ನು ಅಡ್ಡಗಟ್ಟಿ, ಅದರ ಬಾಯಿಗೆ ಸೊಂಡಿಲಿಟ್ಟು, ಇರುವೆ ಹೊತ್ತು ತಂದ ಸಿಹಿರಸ ಕುಡಿದು ಬದುಕುತ್ತದೆ. ಮನೆಯ ಪಕ್ಕದ ಗಿಡಗಳಿಗೆ ವಾರಕ್ಕೊಮ್ಮೆ ಪೈಪಿನಿಂದ ಜೋರಾಗಿ ನೀರು ಹಾಯಿಸಿದರೆ ಸಂದಿಯ ಮರಿಗಳು ತೊಳೆದು ಹೋಗುತ್ತವೆ. ಹೋಂಸ್ಟೇಗಳ ಅಂಗಳದಲ್ಲಿ ಅಂದಕ್ಕೆ ನೆಟ್ಟ ಬ್ರೊಮೆಲಿಯಾಡ್‌ಗಳಿಗೂ ಇದೇ ಉಪಾಯ. ಅನಾನಸು ಸೇರಿದ ಈ ಕುಟುಂಬದ ತವರು ಅಮೆರಿಕ ಖಂಡ. ಅಲ್ಲಿ ದೊಡ್ಡ ಜಾತಿಯ ಒಂದೊಂದು ಗಿಡವೂ ಲೀಟರುಗಟ್ಟಲೆ ನೀರು ಹಿಡಿಯುತ್ತದೆ.

ಕೊಡಗಿನವರು ತಿಳಿಯಲೇಬೇಕಾದ ಕತೆ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನದು. ಅಲ್ಲಿನ ಕೋಕೋ ತೋಟಗಳಿಗೆ ನೆರಳು ಕೊಟ್ಟದ್ದು ನಮ್ಮ ಹಾಲುವಾಣದ ಕುಲದ್ದೇ ಮರ, ಎರಿತ್ರೈನಾ. ಆ ಮರಗಳ ಕೊಂಬೆಕೊಂಬೆಯಲ್ಲಿ ಬ್ರೊಮೆಲಿಯಾಡ್ ಬೆಳೆದು, ಅವುಗಳ ನೀರಿನಲ್ಲಿ ಅನಾಫಿಲಿಸ್ ಬೆಲೇಟರ್ ಸೊಳ್ಳೆ ಹುಟ್ಟಿ, ತೋಟದ ಜನರಿಗೆ ಮಲೇರಿಯಾ ಹರಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಜೀವವಿಜ್ಞಾನಿ ಕಾಲಿನ್ ಪಿಟೆಂಡ್ರಿಗ್ ಅದನ್ನು ಅಧ್ಯಯನ ಮಾಡಿದರು. ಯಾವ ಜಾತಿಯ ಗಿಡ ಯಾವ ಎತ್ತರದಲ್ಲಿ, ಎಷ್ಟು ಬೆಳಕಿನಲ್ಲಿ ಬೆಳೆಯುತ್ತದೆ, ಸೊಳ್ಳೆ ಯಾವ ಹೊತ್ತಿನಲ್ಲಿ ಯಾವ ಎತ್ತರದಲ್ಲಿ ಹಾರುತ್ತದೆ ಎಂದು ಮರ ಹತ್ತಿ ನೋಡಿದ ಕೆಲಸ ಅದು. ದಟ್ಟ ಕಾಡಿಗಿಂತ ಬಿಸಿಲು ಬೀಳುವ ನೆರಳುಮರಗಳಲ್ಲೇ ಅಪಾಯದ ಗಿಡಗಳು ಹುಲುಸಾಗಿದ್ದವು. ಮುಂದೆ ಅವಕ್ಕೆ ಮೈಲುತುತ್ತದ ದ್ರಾವಣ ಸಿಂಪಡಿಸಿ ಕೊಲ್ಲಲಾಯಿತು.

ನಮ್ಮಲ್ಲಿ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಹುಲಿಸೊಳ್ಳೆ ಹುಟ್ಟಿದಲ್ಲಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರಿಗಿಂತ ಆಚೆ ಹಾರುವುದಿಲ್ಲ. ಹಾಗಾದರೆ ಗಮನ ಕೊಡಬೇಕಾದದ್ದು ಮನೆ, ತೋಟದ ಕೆಲಸಗಾರರ ಲೈನ್‌ಮನೆ, ಶಾಲೆ, ಕಾಫಿ ಕಣದ ಸುತ್ತಲಿನ ಜಾಗಕ್ಕೆ ಮಾತ್ರ. ಅಲ್ಲಿನ ಬಿದಿರ ಬೊಡ್ಡೆಗೆ, ಎಟುಕುವ ಪೊಟರೆಗೆ ಮರಳು ತುಂಬಿದರೆ ನೀರು ಮೇಲೆ ನಿಲ್ಲುವುದಿಲ್ಲ. ಸಿಮೆಂಟು ಬೇಡ, ಅದು ಬಿರುಕು ಬಿಟ್ಟು ಒಳಗೆ ಇನ್ನಷ್ಟು ನೀರು ಸೇರುತ್ತದೆ, ಮರವೂ ಕೊಳೆಯುತ್ತದೆ. ಬಿದ್ದ ಹಾಳೆಗಳನ್ನು ಆರಿಸಿ ಕವುಚಿ ಹಾಕಬೇಕು. ಇದಕ್ಕೆಲ್ಲ ಸರಿಯಾದ ಕಾಲ ಫೆಬ್ರವರಿ. ಪೊಟರೆಗಳು ಒಣಗಿರುತ್ತವೆ, ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಗೋಡೆಗೆ ಅಂಟಿದ ಮೊಟ್ಟೆಗಳ ಮೇಲೆ ಹೂಮಳೆ ಇನ್ನೂ ಬಿದ್ದಿರುವುದಿಲ್ಲ.