ಗ್ರೂಪಿನಿಂದ ತೆಗೆದರೆ ಕೇಸ್ ಹಾಕಬಹುದಾ?

"ವಾಟ್ಸಾಪ್ ಗ್ರೂಪಿನಿಂದ ತೆಗೆದುಬಿಟ್ರು ಮೇಡಂ. ನನ್ನ ವಾಕ್ ಸ್ವಾತಂತ್ರ್ಯ ಕಿತ್ಕೊಂಡಿದಾರೆ. ಕೇಸ್ ಹಾಕ್ಬೇಕು."

ಚೆಕ್ ಬೌನ್ಸ್, ಜಮೀನು ಪಾಲಿನ ಫೈಲುಗಳ ನಡುವೆ ಈಗ ಇಂಥ ಕಕ್ಷಿದಾರರೂ ಬರುತ್ತಾರೆ. ಅಡ್ಮಿನ್‌ಗಳೂ ಬರುತ್ತಾರೆ. ಅವರದ್ದು ಬೇರೆ ಚಿಂತೆ: "ಯಾರೋ ಏನೋ ಹಾಕ್ತಾರೆ, ಪೊಲೀಸರು ನನ್ನನ್ನ ಕರ್ಕೊಂಡು ಹೋದ್ರೆ?" ಇಬ್ಬರಿಗೂ ನಾನು ಹೇಳುವುದು ಹೆಚ್ಚುಕಡಿಮೆ ಒಂದೇ. ಅಡ್ಮಿನ್ ಅನ್ನುವವನು ನೀವು ಅಂದುಕೊಂಡಷ್ಟು ದೊಡ್ಡ ಮನುಷ್ಯ ಅಲ್ಲ.

ಒಂದು ಬಡಾವಣೆಯ ಗ್ರೂಪಿನ ಕತೆ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಗ್ರೂಪಿನ ವಿವರಣೆಯಲ್ಲಿ "ಇದು ಮುಕ್ತ ವೇದಿಕೆ, ಎಲ್ಲರೂ ಮಾತನಾಡಬಹುದು" ಅಂತ ಬರೆದಿತ್ತು. ಅಡ್ಮಿನ್ ಆಗಿದ್ದವರು ನಿವಾಸಿಗಳ ಸಂಘದ ಕಾರ್ಯದರ್ಶಿ. ಒಂದು ರಾತ್ರಿ ಸದಸ್ಯರೊಬ್ಬರು ಕೇಳಿದರು: "ಬೋರ್‌ವೆಲ್ ರಿಪೇರಿಗೆ ಎಷ್ಟು ಖರ್ಚಾಯ್ತು? ಬಿಲ್ ಹಾಕಿ." ಕೆಳಗೆ ಹೆಬ್ಬೆರಳುಗಳ ಸಾಲು. ಬೆಳಗ್ಗೆ ಉತ್ತರ ಬಂತು: "ಇಂಥದ್ದನ್ನು ಮೀಟಿಂಗ್‌ನಲ್ಲಿ ಕೇಳಿ." "ಮೀಟಿಂಗ್ ಕರೆದು ಎಷ್ಟು ವರ್ಷ ಆಯ್ತು ಸ್ವಾಮಿ?" ಉತ್ತರ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರನೇ ಮೆಸೇಜ್: "ದುಡ್ಡು ತಿಂದೋರ ಹತ್ರ ಬಿಲ್ ಎಲ್ಲಿರುತ್ತೆ." ಅಡ್ಮಿನ್ ಅದನ್ನು ಅಳಿಸಿದರು. ಇವರು ಅದರದ್ದೇ ಸ್ಕ್ರೀನ್‌ಶಾಟ್ ಹಾಕಿದರು. ಗ್ರೂಪಿನಿಂದ ಹೊರಗೆ. ಆಮೇಲೆ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದ ಹಾಗೆ ಸೆಟ್ಟಿಂಗ್ ಬದಲಾಯಿತು.

ಹೊರಗೆ ಬಿದ್ದವರು ನನ್ನ ಹತ್ತಿರ ಬಂದರು, ಸಂವಿಧಾನದ 19ನೇ ವಿಧಿಯ ಪ್ರಿಂಟೌಟ್ ಸಮೇತ.

19(1)(ಎ) ಕೊಡುವ ವಾಕ್ ಸ್ವಾತಂತ್ರ್ಯದ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು. ಸರ್ಕಾರ ನಿಮ್ಮ ಬಾಯಿ ಮುಚ್ಚಿಸಬಾರದು, ಮುಚ್ಚಿಸಿದರೆ 19(2)ರಲ್ಲಿರುವ ಕಾರಣ ತೋರಿಸಬೇಕು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್, ಆನ್‌ಲೈನ್‌ನಲ್ಲಿ ಮನನೋಯಿಸುವ ಮೆಸೇಜ್ ಹಾಕಿದರೆ ಜೈಲು ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡಿದ್ದು ಈ ಹಕ್ಕಿನ ಬಲದ ಮೇಲೆ. ಹಾಗಂತ ಪಕ್ಕದ ಮನೆಯವರು ನಡೆಸುವ ಗ್ರೂಪಿನಲ್ಲಿ ನಿಮ್ಮನ್ನು ಇಟ್ಟುಕೊಳ್ಳಲೇಬೇಕು ಅಂತ ಅದು ಹೇಳುವುದಿಲ್ಲ. ಓದಿಕೊಂಡು ಬಂದವರು ಇಲ್ಲಿ ಸುಪ್ರೀಂ ಕೋರ್ಟಿನ ಕೌಶಲ್ ಕಿಶೋರ್ ತೀರ್ಪು ತೆಗೆಯುತ್ತಾರೆ. 2023ರ ಜನವರಿ 3ರಂದು ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ನಾಲ್ವರು, 19 ಮತ್ತು 21ನೇ (ಜೀವ, ವೈಯಕ್ತಿಕ ಸ್ವಾತಂತ್ರ್ಯದ) ವಿಧಿಯ ಹಕ್ಕನ್ನು ಸರ್ಕಾರ ಅಲ್ಲದವರ ಮೇಲೂ ಜಾರಿ ಮಾಡಬಹುದು ಅಂದರು. ನಮ್ಮ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅದನ್ನು ಒಪ್ಪಲಿಲ್ಲ. ಆದರೆ ಆ ವ್ಯಾಜ್ಯ ಎದ್ದಿದ್ದು ಮಂತ್ರಿಗಳ ಮಾತಿನ ಬಗ್ಗೆ. ಅದನ್ನು ನಂಬಿಕೊಂಡು ವಾಟ್ಸಾಪ್ ಗ್ರೂಪಿಗಾಗಿ ಫೀಸು ಕಟ್ಟಿ ಅಂತ ನಾನಂತೂ ಯಾರಿಗೂ ಹೇಳಲ್ಲ. ಗ್ರಾಮ ಪಂಚಾಯಿತಿಯೇ ಅಧಿಕೃತವಾಗಿ ನಡೆಸುವ ಗ್ರೂಪು, ಅಡ್ಮಿನ್ ಪಿಡಿಒ, ಚರಂಡಿ ಬಗ್ಗೆ ಕೇಳಿದ್ದಕ್ಕೆ ತೆಗೆದರು ಅನ್ನಿ, ಆಗ ಮಾತು ಬೇರೆ. ಅಲ್ಲಿ 19ನೇ ವಿಧಿಯ ವಾದಕ್ಕೆ ತೂಕ ಇದೆ.

ಕಕ್ಷಿದಾರರಿಗೆ ಕಹಿಯಾಗಿದ್ದು ಇನ್ನೊಂದು ಮಾತು. ಅವರ ಮೊದಲ ಎರಡು ಮೆಸೇಜ್ ಪ್ರಶ್ನೆಗಳು, ಯಾರೂ ಏನೂ ಮಾಡೋಕಾಗಲ್ಲ. ಮೂರನೆಯದು ಆರೋಪ. ಸಾಬೀತು ಮಾಡುವ ಕಾಗದ ಕೈಯಲ್ಲಿ ಇಲ್ಲದಿದ್ದರೆ ಅದು ಮಾನನಷ್ಟದ ಕೇಸು ಆಗಬಹುದು. ಮೊದಲು ಐಪಿಸಿ 499, 500 ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356. ಅಳಿಸಿದ ಮೆಸೇಜನ್ನು ಸ್ಕ್ರೀನ್‌ಶಾಟ್ ಮಾಡಿ ತಾವೇ ಮತ್ತೆ ಹಾಕಿ, ಎದುರು ಪಾರ್ಟಿಗೆ ಸಾಕ್ಷಿ ಒದಗಿಸಿಕೊಟ್ಟಿದ್ದರು!

ಇನ್ನು ಅಡ್ಮಿನ್‌ಗಳ ಭಯ. ಅದು ಸುಮ್ನೆ ಹುಟ್ಟಿದ್ದಲ್ಲ. 2017ರಲ್ಲಿ ನಮ್ಮ ಉತ್ತರ ಕನ್ನಡದಲ್ಲೇ ಗ್ರೂಪಿನಲ್ಲಿ ಬಂದ ಚಿತ್ರವೊಂದಕ್ಕೆ ಅಡ್ಮಿನ್ ಬಂಧನವಾಗಿತ್ತು. ಕೋರ್ಟುಗಳು ಮಾತ್ರ ಹೆಚ್ಚಾಗಿ ಅಡ್ಮಿನ್ ಕಡೆಗೇ ನಿಂತಿವೆ. 2016ರಲ್ಲಿ ದೆಹಲಿ ಹೈಕೋರ್ಟು, ಸದಸ್ಯರ ಮಾತಿಗೆ ಅಡ್ಮಿನ್ ಮೇಲೆ ಮಾನನಷ್ಟ ಹೂಡುವುದು ಪತ್ರಿಕೆಯ ಬರಹಕ್ಕೆ ಕಾಗದ ತಯಾರಿಸಿದವನ ಮೇಲೆ ಕೇಸ್ ಹಾಕಿದಂತೆ ಅಂದಿತು. 2021ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ಮುಂದೆ ಬಂದ ಪ್ರಕರಣದಲ್ಲಿ, ಮಹಿಳಾ ಸದಸ್ಯೆಯೊಬ್ಬರಿಗೆ ಹೊಲಸು ಮಾತು ಬರೆದವನನ್ನು ಅಡ್ಮಿನ್ ತೆಗೆದಿರಲಿಲ್ಲ, ಕ್ಷಮೆ ಕೇಳು ಅಂತಲೂ ಹೇಳಿರಲಿಲ್ಲ. ಆದರೂ ಪೀಠ ಕೇಸು ರದ್ದು ಮಾಡಿತು. ಸೇರಿಸುವುದು, ತೆಗೆಯುವುದು ಬಿಟ್ಟರೆ ಅಡ್ಮಿನ್‌ಗೂ ಸದಸ್ಯನಿಗೂ ವ್ಯತ್ಯಾಸ ಇಲ್ಲ, ಇಬ್ಬರೂ ಕೂಡಿ ಮಾಡಿದ್ದು ಅಂತ ತೋರಿಸಿದರೆ ಮಾತ್ರ ಹೊಣೆ ಅನ್ನುವುದು ಅದರ ತರ್ಕ. 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟೂ ಇದೇ ದಾರಿ ಹಿಡಿಯಿತು.

ಇಲ್ಲೊಂದು ತೊಡಕಿದೆ, ಅಡ್ಮಿನ್‌ಗಳು ಗಮನಿಸಬೇಕು. ಈ ತೀರ್ಪುಗಳು ಬಂದಾಗ ವಾಟ್ಸಾಪಿನಲ್ಲಿ ಬೇರೆಯವರ ಮೆಸೇಜನ್ನು ಎಲ್ಲರ ಫೋನಿನಿಂದ ಅಳಿಸುವ ಅಧಿಕಾರ ಅಡ್ಮಿನ್‌ಗೆ ಇರಲಿಲ್ಲ. 2022ರಲ್ಲಿ ಅದು ಬಂತು. ಎಲ್ಲರ ಬಾಯಿ ಮುಚ್ಚಿಸದೆ, ಒಂದೊಂದೇ ಮೆಸೇಜನ್ನು ಬರುವ ಮೊದಲೇ ತಡೆಯಲು ಈಗಲೂ ಆಗುವುದಿಲ್ಲ, ನಿಜ. ಆದರೆ ದೂರು ಬಂದ ಮೇಲೂ ಹೊಲಸು ಚಿತ್ರವನ್ನು ವಾರಗಟ್ಟಲೆ ಬಿಟ್ಟಿದ್ದವರಿಗೆ ಹಳೆಯ ತೀರ್ಪು ಅಷ್ಟೇ ಗಟ್ಟಿ ಆಸರೆ ಆಗುತ್ತಾ? ನನಗೆ ಅನುಮಾನ.

ಮತ್ತೆ ಬೋರ್‌ವೆಲ್‌ಗೆ ಬರೋಣ. ಜಗಳ ಬೆಳೆದಿದ್ದು ಗ್ರೂಪು ಒಂದನ್ನೇ ಸಂಘ ಅಂತ ಎಲ್ಲರೂ ನಂಬಿದ್ದರಿಂದ. ಸಭೆಯ ಸೂಚನೆ, ಲೆಕ್ಕ, ನಿರ್ಧಾರ, ಎಲ್ಲ ಅಲ್ಲೇ. ಆಗ ತೆಗೆಯುವುದು ಬರೀ ಗ್ರೂಪಿನಿಂದ ತೆಗೆದ ಹಾಗೆ ಇರುವುದಿಲ್ಲ, ಅಲ್ವಾ? ಆದರೆ ಕಾನೂನಿನ ಕಣ್ಣಲ್ಲಿ ನನ್ನ ಕಕ್ಷಿದಾರರು ಇನ್ನೂ ಸಂಘದ ಸದಸ್ಯರೇ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿತ್ತು. ಸದಸ್ಯತ್ವ ಹೋಗಬೇಕಾದರೆ ಬೈಲಾ (ಸಂಘದ ನಿಯಮಾವಳಿ) ಪ್ರಕಾರ ಹೋಗಬೇಕು, ಕಾರ್ಯದರ್ಶಿಯ ಬೆರಳಿನಿಂದ ಅಲ್ಲ. ಸಭೆಯ ಸೂಚನೆ ಇವರಿಗೆ ತಲುಪದಿದ್ದರೆ ಆ ಸಭೆಯ ನಿರ್ಧಾರವನ್ನೇ ಪ್ರಶ್ನಿಸಬಹುದು. ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ಅರ್ಜಿ ಕೊಟ್ಟರೆ ಆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಸಂಘಗಳ ರಿಜಿಸ್ಟ್ರಾರ್ ವಿಚಾರಣೆ ನಡೆಸಲೇಬೇಕು. ಆ ಹೆಬ್ಬೆರಳು ಒತ್ತಿದವರಲ್ಲಿ ಎಷ್ಟು ಜನ ಸಹಿ ಹಾಕುತ್ತಾರೆ ಅನ್ನುವುದು ಬೇರೆ ಪ್ರಶ್ನೆ.

ಹಾಗಾಗಿ ನೋಟಿಸ್ ಕೊಟ್ಟೆವು, ಅಡ್ಮಿನ್‌ಗೆ ಅಲ್ಲ, ಸಂಘಕ್ಕೆ. ಬೋರ್‌ವೆಲ್ ಖರ್ಚಿನ ಲೆಕ್ಕ, ಬಿಲ್ಲುಗಳ ನಕಲು, ಸಾಮಾನ್ಯ ಸಭೆಯ ದಿನಾಂಕ ಕೊಡಿ ಅಂತ. "ಗ್ರೂಪಿಗೆ ವಾಪಸ್ ಸೇರಿಸಿ ಅಂತಲೂ ಒಂದು ಸಾಲು ಬರೀರಿ" ಅಂದರು. ಬರೆಯಲಿಲ್ಲ. ಫೋನಿನಲ್ಲಿ ಉಳಿದಿರುವ ಹಳೆಯ ಮಾತುಕತೆಯನ್ನು ಅಳಿಸಬೇಡಿ, ಫೋನ್ ಬದಲಿಸಬೇಡಿ ಅಂದೆ. ಸ್ಕ್ರೀನ್‌ಶಾಟ್ ಪ್ರಿಂಟ್ ತಂದರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅದರ ಜೊತೆ ಪ್ರಮಾಣಪತ್ರ ಬೇಕು, ಪ್ರಿಂಟ್ ಯಾವ ಫೋನಿನಿಂದ ಬಂತು ಅಂತ ಅದರಲ್ಲಿ ಹೇಳಬೇಕು.