ಗಂಟು ನಿಮ್ಮದೇ, ಬಿಚ್ಚೋ ಹಾಗಿಲ್ಲ

ಮೇ ತಿಂಗಳ ಒಂದು ರಾತ್ರಿ, ಒಂಬತ್ತೂವರೆ. ಕಲಬುರಗಿಯಲ್ಲಿ ಆ ಹೊತ್ತಿಗೂ ಗೋಡೆ ಮುಟ್ಟಿದರೆ ಬಿಸಿ. ರೊಟ್ಟಿ ಮುರಿದು ಎಣಗಾಯಿಗೆ ಕೈ ಹಾಕಿದ್ದೆ, ಫೋನ್ ಬಂತು. ಜೂರಿಕ್ ವಿಮಾನ ನಿಲ್ದಾಣದಿಂದ. ಅಲ್ಲಿ ಆಗ ಸಂಜೆ ಆರು.

"ಸರ, ಈ ಹುಡುಗಿ ಕಾರ್ ಕೊಡಲಿಕ್ಕೆ ಒಲ್ಲೆ ಅಂತಾಳ. ರೊಕ್ಕ ಕಟ್ಟೀವಲ್ರೀ? ಮತ್ಯಾಕ ಕೇಳ್ತಾಳ?"

ಮಾತಾಡಿದವರು ನಮ್ಮೂರ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ತೊಗರಿ ವ್ಯಾಪಾರಿ. ಜೊತೆಗೆ ಹೆಂಡತಿ, ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು. ಏಳು ಸೀಟಿನ ಬಾಡಿಗೆ ಕಾರನ್ನು ಎರಡು ತಿಂಗಳ ಹಿಂದೆಯೇ ಆನ್‌ಲೈನಿನಲ್ಲಿ ಬುಕ್ ಮಾಡಿ ಪೂರ್ತಿ ದುಡ್ಡು ಕಟ್ಟಿದ್ದರು. ಬುಕ್ ಮಾಡಿದ್ದು ಬೆಂಗಳೂರಲ್ಲಿರುವ ಮಗ, ಅವನ ಕ್ರೆಡಿಟ್ ಕಾರ್ಡಿನಲ್ಲಿ. ಮಗ ಪ್ರವಾಸಕ್ಕೆ ಹೋಗಿರಲಿಲ್ಲ. ಓಡಿಸುವವರು ಅಪ್ಪ. ಅಪ್ಪನ ಜೇಬಿನಲ್ಲಿದ್ದದ್ದು ಡೆಬಿಟ್ ಕಾರ್ಡು ಮತ್ತು ನಾನೇ ಮಾಡಿಸಿಕೊಟ್ಟ ಫಾರೆಕ್ಸ್ ಕಾರ್ಡು, ಅಂದರೆ ವಿದೇಶದ ಖರ್ಚಿಗೆ ಮೊದಲೇ ದುಡ್ಡು ತುಂಬಿಸಿಡುವ ಕಾರ್ಡು. ಎರಡರಲ್ಲೂ ದುಡ್ಡು ತುಂಬಿತ್ತು. ಆದರೂ ಕಾರ್ ಸಿಗಲಿಲ್ಲ. ಕೌಂಟರಿನ ಹುಡುಗಿ ಕೇಳಿದ್ದು ಡಿಪಾಸಿಟ್, ಅದೂ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲೇ.

ಟಿಕೆಟ್, ವೀಸಾ, ಹೋಟೆಲ್ ಮಾಡಿಕೊಡುವ ಕೆಲಸಕ್ಕೆ ಕೂತು ಹದಿನೆಂಟು ವರ್ಷ ಆಯಿತು. ಈ ಫೋನ್ ನನಗೆ ಪ್ರತಿ ಬೇಸಿಗೆ ಬರುತ್ತದೆ. ಊರು ಬೇರೆ, ಕೌಂಟರ್ ಬೇರೆ, ಮಾತು ಅದೇ: ರೊಕ್ಕ ಕಟ್ಟೀವಲ್ರೀ. ಹೋಗುವ ಮುಂಚೆ ನಾನು ಹೇಳಿರುತ್ತೇನೆ, ಅವರು ತಲೆ ಆಡಿಸಿರುತ್ತಾರೆ. ತಲೆ ಆಡಿಸುವುದಕ್ಕೂ ತಲೆಗೆ ಹೋಗುವುದಕ್ಕೂ ಇರುವ ದೂರ ಕಲಬುರಗಿಯಿಂದ ಜೂರಿಕ್‌ನಷ್ಟೇ. ಅದಕ್ಕೇ ಇವತ್ತು ಬರೆದೇ ಬಿಡುತ್ತಿದ್ದೇನೆ.

ಲೈಸೆನ್ಸ್ ವಿಷಯ ಎಲ್ಲರಿಗೂ ಗೊತ್ತಿದೆ, ಅದನ್ನು ಎಳೆಯುವುದಿಲ್ಲ. ಕೆಎ-32 ಇರಲಿ, ಬೀದರಿನ ಕೆಎ-38 ಇರಲಿ, ಯಾದಗಿರಿಯ ಕೆಎ-33 ಇರಲಿ, ನಿಮ್ಮ ಆರ್‌ಟಿಓದಲ್ಲಿ ಫಾರಂ 4ಎ ತುಂಬಿ 1,000 ರೂಪಾಯಿ ಕಟ್ಟಿದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಸಿಗುತ್ತದೆ. ಒಂದು ವರ್ಷ ನಡೆಯುತ್ತದೆ. ಅದು ಲೈಸೆನ್ಸಿನ ಬದಲಿಗೆ ಅಲ್ಲ, ಲೈಸೆನ್ಸಿನ ಜೊತೆಗೆ. ಮೂಲ ಕಾರ್ಡು ಕೈಯಲ್ಲಿರಬೇಕು. ಡಿಜಿಲಾಕರ್ ತೋರಿಸಿದರೆ ಅಲ್ಲಿನವರು ನಿಮ್ಮ ಫೋನ್ ಚೆನ್ನಾಗಿದೆ ಅಂದಾರು, ಅಷ್ಟೇ.

ಈಗ ಕಾರ್ಡಿನ ಮಾತು.

ನಮ್ಮಲ್ಲಿ ಮದುವೆಗೆ ಪಾತ್ರೆ ಬಾಡಿಗೆ ತರುತ್ತೇವಲ್ಲ? ಬಾಡಿಗೆ ಬೇರೆ, ಡಿಪಾಸಿಟ್ ಬೇರೆ. ಐನೂರು ಲೋಟ ಎಣಿಸಿ ಕೊಡುತ್ತಾನೆ, ವಾಪಸ್ ಕೊಡುವಾಗ ಎಣಿಸಿ ತಗೊಳ್ಳುತ್ತಾನೆ. ಹನ್ನೆರಡು ಲೋಟ ಕಮ್ಮಿ ಬಂದರೆ ಅದರ ದುಡ್ಡು ಮುರಿದುಕೊಂಡು ಉಳಿದದ್ದು ಕೊಡುತ್ತಾನೆ. "ಬಾಡಿಗೆ ಕೊಟ್ಟೀನಲ್ಲ, ಡಿಪಾಸಿಟ್ ಯಾಕ?" ಅಂತ ಪಾತ್ರೆ ಅಂಗಡಿಯಲ್ಲಿ ಯಾರಾದರೂ ಕೇಳಿದ್ದು ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಹತ್ತಿಪ್ಪತ್ತು ಸಾವಿರದ ಪಾತ್ರೆಗೆ ಅರ್ಥವಾದದ್ದು ಮೂವತ್ತು ಲಕ್ಷದ ಕಾರಿಗೆ ಯಾಕೆ ಅರ್ಥವಾಗುವುದಿಲ್ಲವೋ ನನಗೆ ಗೊತ್ತಿಲ್ಲ.

ಒಂದೇ ವ್ಯತ್ಯಾಸ. ಪಾತ್ರೆಯವನು ನೋಟು ಕೈಯಲ್ಲಿ ಇಸಿದುಕೊಳ್ಳುತ್ತಾನೆ. ಕಾರಿನವನು ನಿಮ್ಮ ಕ್ರೆಡಿಟ್ ಕಾರ್ಡಿನ ಲಿಮಿಟ್ ಒಳಗೇ ಒಂದಷ್ಟನ್ನು ಗಂಟು ಹಾಕಿಡುತ್ತಾನೆ. ಇದಕ್ಕೆ ಹೋಲ್ಡ್ ಅಂತಾರೆ, ಕೆಲವರು ಬ್ಲಾಕ್ ಅಂತಾರೆ. ಗಂಟು ನಿಮ್ಮ ಸೆರಗಿನಲ್ಲೇ ಇರುತ್ತದೆ. ದುಡ್ಡು ಹೋಗಿಲ್ಲ, ಬಡ್ಡಿಯೂ ಇಲ್ಲ. ಆದರೆ ಅವನು ಬಿಡುವವರೆಗೆ ನೀವು ಬಿಚ್ಚೋ ಹಾಗಿಲ್ಲ. ಕಾರ್ ವಾಪಸ್ ಕೊಟ್ಟ ಮೇಲೆ ಕೆಲವು ದಿನಕ್ಕೆ, ಒಮ್ಮೊಮ್ಮೆ ಎರಡು ಮೂರು ವಾರಕ್ಕೆ ಬಿಚ್ಚಿಕೊಳ್ಳುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ ಇದು ಬದಲಾಗುತ್ತದೆ, ಹಾಗಾಗಿ ದಿನದ ಲೆಕ್ಕ ನನ್ನ ಬಾಯಿಂದ ಹೊರಡಿಸಬೇಡಿ.

ಡೆಬಿಟ್ ಕಾರ್ಡಿನಲ್ಲಿ ಈ ಗಂಟು ಸರಿಯಾಗಿ ಬೀಳುವುದಿಲ್ಲ. ಎಷ್ಟೋ ಸಲ ದುಡ್ಡು ನಿಜಕ್ಕೂ ಖಾತೆಯಿಂದ ಕಡಿತವಾಗಿ, ಆಮೇಲೆ ವಾಪಸ್ ಬರುತ್ತದೆ. ಹೋಗುವಾಗ ಒಂದು ದರ, ಬರುವಾಗ ಇನ್ನೊಂದು ದರ. ಅದರ ಮೇಲೆ ಬ್ಯಾಂಕಿನ ವಿದೇಶಿ ವಹಿವಾಟಿನ ಶುಲ್ಕ, ಸಾಮಾನ್ಯವಾಗಿ ಶೇಕಡಾ 2ರಿಂದ 3.5, ಅದರ ಮೇಲೆ ಜಿಎಸ್‌ಟಿ. ಫಾರೆಕ್ಸ್ ಕಾರ್ಡನ್ನಂತೂ ಡಿಪಾಸಿಟ್‌ಗೆ ಹೆಚ್ಚಿನವರು ಮುಟ್ಟುವುದೇ ಇಲ್ಲ. ಡೆಬಿಟ್ ಒಪ್ಪುವ ಕಂಪನಿಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಬಹಳ ಸಲ ಅವರದೇ ದುಬಾರಿ ವಿಮೆ ತಗೊಳ್ಳಿ ಅಂತ ಷರತ್ತು ಹಾಕುತ್ತಾರೆ.

ಎಷ್ಟು ಹೋಲ್ಡ್ ಅನ್ನುವುದು ಕಾರಿನ ಗಾತ್ರ, ದೇಶ, ಕಂಪನಿ ನೋಡಿ. ಆ ರಾತ್ರಿ ಜೂರಿಕ್‌ನಲ್ಲಿ ಕೇಳಿದ್ದು 1,500 ಫ್ರಾಂಕ್. ನಮ್ಮ ದುಡ್ಡಲ್ಲಿ ಒಂದೂವರೆ ಲಕ್ಷ ಆರಾಮಾಗಿ ದಾಟುತ್ತದೆ. ಇಲ್ಲಿ ಇನ್ನೊಂದು ಗುಂಡಿ ಇದೆ. ಕಾರ್ಡಿನ ಲಿಮಿಟ್ ಎರಡು ಲಕ್ಷ ಅಂತಿಟ್ಟುಕೊಳ್ಳಿ. ಅದರಲ್ಲೇ ಹೋಟೆಲ್ ಬುಕ್ ಮಾಡಿ 90,000 ಉಜ್ಜಿದ್ದೀರಿ. ಉಳಿದದ್ದು 1,10,000. ಕೌಂಟರಿನವರಿಗೆ ಬೇಕಾದದ್ದು ಈ ಉಳಿದ ಲಿಮಿಟ್, ಪೂರ್ತಿ ಲಿಮಿಟ್ ಅಲ್ಲ. ಹೊರಡುವ ಒಂದು ವಾರ ಮುಂಚೆ ಬಿಲ್ ಬರಲಿ ಬಿಡಲಿ, ಹಳೆಯ ಬಾಕಿ ಕಟ್ಟಿ ಜಾಗ ಮಾಡಿಕೊಳ್ಳಿ. ಹಾಗೇ ಬ್ಯಾಂಕ್ ಆ್ಯಪ್ ತೆರೆದು ವಿದೇಶಿ ಬಳಕೆ ಆನ್ ಇದೆಯಾ ನೋಡಿ. 2020ರಲ್ಲಿ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡು ದೇಶದೊಳಗೆ ಮಾತ್ರ ನಡೆಯುವ ಹಾಗೆ ಬರುತ್ತದೆ. ಹೊರಗಿನದನ್ನು ನಾವೇ ಆನ್ ಮಾಡಬೇಕು. ಇದೊಂದು ಗುಂಡಿ ಒತ್ತದೆ ಬ್ಯಾಂಕಾಕ್‌ನಿಂದ ಫೋನ್ ಮಾಡಿದ ಡಾಕ್ಟರೊಬ್ಬರಿದ್ದಾರೆ. ಹೆಸರು ಹೇಳಲ್ಲ, ನನ್ನ ಬಿಪಿ ನೋಡುವವರು ಅವರೇ.

ಇನ್ನು ಯಾರ ಕಾರ್ಡು ಅನ್ನುವ ಪ್ರಶ್ನೆ. ಯಾರ ಕೈಯಲ್ಲಿ ಸ್ಟೀರಿಂಗೋ ಅವರ ಹೆಸರಿನ ಕಾರ್ಡು. ಮಗನದಲ್ಲ, ಹೆಂಡತಿಯದಲ್ಲ, ಅಮೆರಿಕದಲ್ಲಿರುವ ಅಣ್ಣನದಲ್ಲ. ನಂಬರ್ ವಾಟ್ಸಾಪ್‌ನಲ್ಲಿ ಕಳಿಸಿದರೆ ಆಗಲ್ಲ, ಕಾರ್ಡೇ ಮಷಿನ್‌ಗೆ ಹೋಗಬೇಕು, ಪಿನ್ ಗೊತ್ತಿರಬೇಕು. ಒಟಿಪಿ ಬರುತ್ತೆ ಅಂತ ಕಾಯುತ್ತ ನಿಂತವರಿದ್ದಾರೆ. ಆ ಕೌಂಟರಿನಲ್ಲಿ ಸಾಮಾನ್ಯವಾಗಿ ಒಟಿಪಿ ಅಲ್ಲ, ಪಿನ್.

ನಮ್ಮ ಭಾಗದ ಹೆಸರುಗಳದ್ದು ಬೇರೆಯೇ ಕತೆ. ಒಬ್ಬರ ಪಾಸ್‌ಪೋರ್ಟಿನಲ್ಲಿ ಶರಣಬಸಪ್ಪ, ಮುಂದೆ ಸರ್‌ನೇಮ್ ಖಾಲಿ. ಲೈಸೆನ್ಸಿನಲ್ಲಿ ಅಪ್ಪನ ಹೆಸರೂ ಸೇರಿ ಶರಣಬಸಪ್ಪ ತಂದೆ ಫಲಾನಾ. ಬ್ಯಾಂಕಿನವರು ಜಾಗ ಸಾಲದೆ ಕಾರ್ಡಿನ ಮೇಲೆ ಬರೀ ಎಸ್. ಬಿ. ಪಾಟೀಲ ಅಂತ ಒತ್ತಿದ್ದಾರೆ. ನಮಗೆ ಮೂರೂ ಒಬ್ಬರೇ. ಯಾವುದೋ ದೇಶದ ಇಪ್ಪತ್ತೆರಡರ ಹುಡುಗನಿಗೆ ಮೂವರು ಗಂಡಸರು. ಅವನ ತಪ್ಪೂ ಅಲ್ಲ. ಬ್ಯಾಂಕಿಗೆ ಹೋಗಿ ಪಾಸ್‌ಪೋರ್ಟಿನ ಹಾಗೇ ಹೆಸರು ಹಾಕಿಸಿ ಹೊಸ ಕಾರ್ಡು ತಗೊಳ್ಳಿ ಅಂದರೆ ಜನ ನನ್ನ ಮೇಲೇ ಸಿಟ್ಟಾಗುತ್ತಾರೆ. "ಇಷ್ಟು ವರ್ಷ ಇದ್ದ ಹೆಸರಿಗೆ ಈಗೇನು ಬಂತು?"

ಇದನ್ನೆಲ್ಲ ಹೇಳಿದಾಗ ಗಂಜಿನ ಜನ ಮುಖ ಸಣ್ಣದು ಮಾಡುತ್ತಾರೆ. ಯಾಕೆ ಅಂತ ನನಗೆ ಗೊತ್ತು, ಸ್ವಲ್ಪ ಮರುಕವೂ ಇದೆ. ಕ್ರೆಡಿಟ್ ಕಾರ್ಡ್ ಅಂದರೆ ಅವರ ಲೆಕ್ಕದಲ್ಲಿ ಸಾಲ. ಜೀವನಪೂರ್ತಿ ಯಾರ ಹತ್ತಿರವೂ ಸಾಲ ಮಾಡಿಲ್ಲ ಅನ್ನುವುದೇ ಅವರ ಹೆಮ್ಮೆ. ಇಲ್ಲಿ ಆ ಹೆಮ್ಮೆಗೆ ಬೆಲೆ ಇದೆ, ಬಾಯಿಮಾತಿನ ಮೇಲೆ ಲಾರಿಗಟ್ಟಲೆ ಮಾಲು ಹೋಗುತ್ತದೆ. ಅಲ್ಲಿ ಕೌಂಟರಿನಲ್ಲಿ ಕೂತವಳು ನೋಡುವುದು ಒಂದೇ: ಇವನಿಗೆ ಸಾಲ ಕೊಡಲು ಯಾವುದಾದರೂ ಬ್ಯಾಂಕ್ ಒಪ್ಪಿದೆಯಾ? ಒಪ್ಪಿದ್ದರೆ ಕೀಲಿ ಕೊಡುತ್ತಾಳೆ. ಹಳೆಯ ಸಾಲದ ದಾಖಲೆಯೇ ಇಲ್ಲದವರಿಗೆ ಬ್ಯಾಂಕ್ ಸುಲಭಕ್ಕೆ ಕಾರ್ಡ್ ಕೊಡುವುದಿಲ್ಲ, ನಿಜ. ಎಫ್‌ಡಿ ಮೇಲೆ ಕಾರ್ಡ್ ಕೊಡುವ ಬ್ಯಾಂಕುಗಳಿವೆ, ಕೇಳಿ ನೋಡಿ. ಹೊರಡುವ ಎರಡು ತಿಂಗಳ ಮುಂಚೆ ಕೇಳಿ, ಹಿಂದಿನ ದಿನ ಅಲ್ಲ.

ವಿಮೆಯ ಬಗ್ಗೆ ಒಂದು ಮಾತು, ಯಾಕಂದರೆ ಅದೂ ಈ ಗಂಟಿಗೇ ಸೇರಿದ್ದು. "ಫುಲ್ ಇನ್ಶೂರೆನ್ಸ್ ಮಾಡಿಸೀನಿ, ಹೋಲ್ಡ್ ಯಾಕ?" ಅಂತ ಕೇಳುತ್ತಾರೆ. ಬಾಡಿಗೆ ಕಾರಿನ ಮಾಮೂಲಿ ವಿಮೆಯಲ್ಲಿ ಎಕ್ಸೆಸ್ ಅಂತ ಒಂದು ಮೊತ್ತ ಇರುತ್ತದೆ. ಅಷ್ಟರವರೆಗಿನ ನಷ್ಟ ನಿಮ್ಮದು, ಅದರ ಮೇಲಿನದು ವಿಮೆಯದು. ಹೋಲ್ಡ್ ಹಾಕುವುದು ಹೆಚ್ಚಾಗಿ ಈ ಎಕ್ಸೆಸ್‌ಗೆ ಭದ್ರತೆಯಾಗಿ. ಕೌಂಟರಿನಲ್ಲೇ ಎಕ್ಸೆಸ್ ಇಲ್ಲದ ವಿಮೆ ತಗೊಂಡರೆ ಹೋಲ್ಡ್ ಬಹಳ ಕಡೆ ಇಳಿಯುತ್ತದೆ. ಆದರೆ ಬೇರೆ ವೆಬ್‌ಸೈಟಿನಲ್ಲಿ ಅಗ್ಗಕ್ಕೆ ಎಕ್ಸೆಸ್ ವಿಮೆ ತಗೊಂಡಿದ್ದರೆ ಕೌಂಟರಿನವರಿಗೆ ಅದು ಲೆಕ್ಕಕ್ಕಿಲ್ಲ. ಅವರು ಪೂರ್ತಿ ಹೋಲ್ಡ್ ಹಾಕುತ್ತಾರೆ, ಏನಾದರೂ ಆದರೆ ನಿಮ್ಮಿಂದಲೇ ವಸೂಲಿ ಮಾಡುತ್ತಾರೆ. ಆಮೇಲೆ ನೀವು ಕಾಗದ ಪತ್ರ ಕೊಟ್ಟು ಆ ವೆಬ್‌ಸೈಟಿನವರಿಂದ ಪಡೆಯಬೇಕು. ಕೆಟ್ಟದ್ದು ಅಂತ ಹೇಳುತ್ತಿಲ್ಲ, ನಾನೂ ತಗೊಳ್ಳುತ್ತೇನೆ. ಹೋಲ್ಡ್ ತಪ್ಪುವುದಿಲ್ಲ ಅಂತ ಮಾತ್ರ ಹೇಳುತ್ತಿದ್ದೇನೆ. ಟೈರು, ಗಾಜು, ಕಾರಿನ ಹೊಟ್ಟೆ, ಛಾವಣಿ, ಕಳೆದ ಕೀಲಿ ಮಾಮೂಲಿ ವಿಮೆಯಲ್ಲಿ ಹೆಚ್ಚಾಗಿ ಬರುವುದಿಲ್ಲ. ಅಳಿಯ "ಸ್ವಲ್ಪ ನಾನು ಓಡಿಸ್ತೀನಿ ಮಾವ" ಅಂತ ಸೀಟು ಬದಲಾಯಿಸಿದರೆ, ಅವನ ಹೆಸರು ಕರಾರಿನಲ್ಲಿ ಇಲ್ಲದಿದ್ದರೆ, ಆ ಹೊತ್ತಿಗೆ ವಿಮೆಯೇ ಇಲ್ಲದ ಹಾಗೆ.

ಬರೀ ಬೇರೆಯವರ ತಪ್ಪು ಹೇಳಿದರೆ ಸರಿ ಅನಿಸುವುದಿಲ್ಲ. ನನ್ನದೂ ಒಂದಿದೆ. ಕೆಲವು ವರ್ಷದ ಹಿಂದೆ ಹೆಂಡತಿ ಜೊತೆ ಇಟಲಿಗೆ ಹೋಗಿದ್ದೆ. ಫ್ಲಾರೆನ್ಸ್‌ನ ಹಳೆ ಊರಿನ ಬಾಯಿಯಲ್ಲಿ ಬಿಳಿ ಬೋರ್ಡು, ಕೆಂಪು ವೃತ್ತ, ಅದರ ಹತ್ತಿರ ಎಲೆಕ್ಟ್ರಿಕ್ ಅಕ್ಷರದಲ್ಲಿ "ವಾರ್ಕೊ ಆತ್ತೀವೊ". ವಾರ್ಕೊ ಅಂದರೆ ಗೇಟು ಅಂತ ಗೊತ್ತಿತ್ತು. ಆತ್ತೀವೊ ಅಂದರೆ ಆ್ಯಕ್ಟಿವ್, ಅಂದರೆ ಗೇಟು ತೆರೆದಿದೆ ಅಂತ ಹೆಂಡತಿಗೆ ಜಂಬದಿಂದ ಹೇಳಿ ಒಳಗೆ ನುಗ್ಗಿಸಿದೆ. ಅದರ ಅರ್ಥ ಕ್ಯಾಮೆರಾ ಕೆಲಸ ಮಾಡುತ್ತಿದೆ, ಪರ್ಮಿಟ್ ಇಲ್ಲದವರು ಬರಬೇಡಿ ಅಂತ. ಹೋಟೆಲ್ ಸಿಗದೆ ಎರಡು ಸುತ್ತು ಹೊಡೆದೆ. ಎರಡೂ ಸಲ ಕ್ಯಾಮೆರಾ ನೋಡಿತು.

ಕಾರ್ ಕೊಟ್ಟು, ಹೋಲ್ಡ್ ಬಿಚ್ಚಿಕೊಂಡು, ಊರಿಗೆ ಬಂದು ಮರೆತೇ ಬಿಟ್ಟಿದ್ದೆ. ಎರಡು ತಿಂಗಳಿಗೆ ಕಾರ್ಡಿನಲ್ಲಿ ಎರಡು ಸಣ್ಣ ಕಡಿತ. ಅದು ದಂಡ ಅಲ್ಲ. ನನ್ನ ವಿಳಾಸವನ್ನು ಅಲ್ಲಿನ ಪೊಲೀಸರಿಗೆ ಕೊಟ್ಟದ್ದಕ್ಕೆ ಕಾರಿನ ಕಂಪನಿಯ ಸೇವಾ ಶುಲ್ಕ. ದಂಡದ ಕಾಗದ ಆಮೇಲೆ ಬಂತು, ರಿಜಿಸ್ಟರ್ಡ್ ಅಂಚೆಯಲ್ಲಿ. ಪೋಸ್ಟ್‌ಮನ್ ಲಕೋಟೆ ತಿರುಗಿಸಿ ತಿರುಗಿಸಿ ನೋಡಿ, "ಫಾರಿನ್‌ದಾಗ ನೌಕರಿ ಸಿಕ್ತೇನ್ರೀ ಸರ?" ಅಂದ. ಒಳಗೆ ಗಾಡಿ ನಂಬರು, ಬೀದಿಯ ಹೆಸರು, ಗಂಟೆ, ನಿಮಿಷ. ಎರಡು ಕಾಗದಗಳ ನಡುವೆ ಹದಿನಾಲ್ಕು ನಿಮಿಷ. ಹೋಲ್ಡ್ ಬಿಟ್ಟರೂ ಕರಾರಿನ ಪ್ರಕಾರ ನಿಮ್ಮ ಕಾರ್ಡಿನ ನಂಬರ್ ಅವರ ಹತ್ತಿರ ಇರುತ್ತದೆ. ದುಬೈನಲ್ಲಿ ಸಾಲಿಕ್ ಟೋಲ್ ಕೂಡ ಹೀಗೇ, ಗೇಟಿನಲ್ಲಿ ಯಾರೂ ಕೈ ಅಡ್ಡ ಹಿಡಿಯುವುದಿಲ್ಲ, ಆಮೇಲೆ ಕಾರ್ಡಿನಲ್ಲಿ ಬರುತ್ತದೆ. ಗಾಬರಿಯಾಗಿ ಕಾರ್ಡ್ ಬಂದ್ ಮಾಡಿಸಬೇಡಿ. ಬಿಲ್ ಕೇಳಿ, ತಾಳೆ ನೋಡಿ, ತಪ್ಪಿದ್ದರೆ ಬ್ಯಾಂಕಿಗೆ ದೂರು ಕೊಡಿ.

ಹಾಂ, ಜೂರಿಕ್. ಆ ರಾತ್ರಿ ಇಲ್ಲಿಂದ ನಾನು ಏನೂ ಮಾಡುವ ಹಾಗಿರಲಿಲ್ಲ. ಕೌಂಟರಿನ ಹುಡುಗಿಗೆ ಫೋನ್ ಕೊಡಿಸಿ ಮಾತಾಡಿದೆ. ಮೆತ್ತಗೆ ಮಾತಾಡಿದಳು, ಒಪ್ಪಲಿಲ್ಲ. ಕಾರಿಗೆ ಕಟ್ಟಿದ ದುಡ್ಡು ಹೋಯಿತು. ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣ ಇದೆ, ಬರ್ನ್‌ಗೆ ಹೋಗಿ, ಅಲ್ಲಿ ಬದಲಾಯಿಸಿ ಇಂಟರ್‌ಲಾಕನ್ ಗಾಡಿ ಹಿಡಿಯಿರಿ ಅಂದೆ. ಆರು ಜನ, ಒಂಬತ್ತು ಸೂಟ್‌ಕೇಸು, ಒಂದು ಡಬ್ಬಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ಹೋದರು.

ಈ ವರ್ಷ ಫೆಬ್ರವರಿಯಲ್ಲಿ ಅದೇ ವ್ಯಾಪಾರಿ ಮತ್ತೆ ಬಂದರು. ಕೂತ ಕೂಡಲೇ ಜೇಬಿನಿಂದ ಹೊಸ ಕ್ರೆಡಿಟ್ ಕಾರ್ಡ್ ತೆಗೆದು ಟೇಬಲ್ ಮೇಲಿಟ್ಟರು. ಬ್ಯಾಂಕಿನ ಸ್ಟಿಕರ್ ಇನ್ನೂ ಕಿತ್ತಿರಲಿಲ್ಲ. ಹೆಸರು ಪಾಸ್‌ಪೋರ್ಟಿನ ಹಾಗೇ, ಒಂದಕ್ಷರ ಆಚೀಚೆ ಇಲ್ಲ. ನನಗೆ ಎದ್ದು ಕೈ ಕುಲುಕಬೇಕು ಅನಿಸಿತು. ಲಿಮಿಟ್ ಎಷ್ಟು ಅಂತ ಕೇಳಿದೆ.

"ಐವತ್ತು ಸಾವಿರ."

ನಾನು ಮತ್ತೆ ಪಾತ್ರೆ ಅಂಗಡಿಯಿಂದ ಶುರು ಮಾಡಿದೆ. ಪೂರ್ತಿ ಕೇಳಿದರು, ತಲೆ ಆಡಿಸಿದರು. ಆಮೇಲೆ ಕಾರ್ಡನ್ನು ಜೇಬಿಗೆ ಇಳಿಸಿ ಕೇಳಿದರು: "ಹೋದ ಸಲದ ಟ್ರೇನೇ ಚಲೋ ಇತ್ತಲ್ರೀ ಸರ. ಅವರೇನು ಡಿಪಾಸಿಟ್ ಕೇಳಂಗಿಲ್ಲಲ್ಲ?"